ಏಳನೆಯ ಕೋಣೆಯ ರೋಗಿ

ಬೆಳಗಿನಿಂದ ಅವಳಿಗೆ ಹನ್ನೊಂದು ಸಲ ಎದೆನೋವು ಬಂದಿತ್ತು. ಹನ್ನೊಂದು ಸಲವೂ ಎದೆಯ ನಡುಮಧ್ಯೆ ಶುರುವಾಗಿ, ಎಡಗೈಗೆ ಇಳಿದು, ಮೆಟ್ಟಿಲು ಹತ್ತಿದರೆ ಹೆಚ್ಚಾಗಿ, ಕೂತು ಸುಧಾರಿಸಿಕೊಂಡರೆ ಕಮ್ಮಿಯಾಗಿತ್ತು. ಹಾಗೆಂದು ಚೀಟಿಯಲ್ಲಿತ್ತು. ಚೀಟಿಯ ಪ್ರಕಾರ ಅವಳು ನಲವತ್ತೆರಡು ವರ್ಷದ ಬ್ಯಾಂಕ್ ಗುಮಾಸ್ತೆ, ಎರಡು ಮಕ್ಕಳ ತಾಯಿ. ಮನೆಯಲ್ಲಿ ಯಾರಿಗೂ ಯಾವ ಕಾಯಿಲೆಯೂ ಇಲ್ಲ. ಆ ಪಾತ್ರ ಮಾಡಬೇಕಿದ್ದ ನಲವತ್ತೆರಡರ ಹೆಂಗಸು ಬೆಳಿಗ್ಗೆ ಫೋನ್ ಮಾಡಿ, ನಿಜವಾಗಿಯೇ ಹುಷಾರಿಲ್ಲ, ಬರುವುದಿಲ್ಲ ಎಂದುಬಿಟ್ಟಿದ್ದಳು. ಹಾಗಾಗಿ ಇಪ್ಪತ್ತು ತುಂಬಿದ ಇವಳನ್ನೇ ಏಳನೆಯ ಕೋಣೆಯ ಮಂಚ ಹತ್ತಿಸಿದ್ದರು. ಬೆನ್ನ ಹಿಂದೆ ದಾರ ಕಟ್ಟುವ ನಿಲುವಂಗಿ. ಅಲುಗಾಡಿದರೆ ಸರಬರ ಎನ್ನುವ, ಮಂಚಕ್ಕೆ ಹಾಸಿದ ಕಾಗದ. ಎದುರು ಗೋಡೆಯ ಗಡಿಯಾರದಲ್ಲಿ ಎರಡೂ ಕಾಲು. ನಾಲ್ಕು ಗಂಟೆಗೆ ಇನ್ನೂ ಬೇಕಾದಷ್ಟು ಹೊತ್ತಿದೆ ಎಂದುಕೊಂಡಳು. ಬೆಳಗಿನಿಂದ ಹೀಗೇ ಅಂದುಕೊಳ್ಳುತ್ತಿದ್ದಳು, ಹೊತ್ತು ಮಾತ್ರ ಕರಗುತ್ತಲೇ ಇತ್ತು.

ಅದು ವೈದ್ಯಕೀಯ ಕಾಲೇಜಿನ ಪರೀಕ್ಷೆ. ಹುಡುಗರು ರೋಗಿಯ ಹತ್ತಿರ ಹೇಗೆ ಮಾತಾಡುತ್ತಾರೆ, ಏನೇನು ಕೇಳುತ್ತಾರೆ ಎಂದು ನೋಡಬೇಕು. ನಿಜವಾದ ರೋಗಿ ಒಂದೇ ನೋವನ್ನು ಹನ್ನೆರಡು ಸಲ ಒಂದೇ ಥರ ಹೇಳುವುದಿಲ್ಲ. ಅದಕ್ಕೆ ಇವಳಂಥವರನ್ನು ಕರೆಸಿ ಕೈಗೊಂದು ಚೀಟಿ ಕೊಡುತ್ತಾರೆ. ನಿಯಮ ಒಂದೇ. ಚೀಟಿಯಲ್ಲಿದ್ದರೆ ಹೇಳಬೇಕು, ಇಲ್ಲದ್ದು ಕೇಳಿದರೆ 'ಇಲ್ಲ' ಎನ್ನಬೇಕು. ಒಬ್ಬೊಬ್ಬರಿಗೆ ಎಂಟು ನಿಮಿಷ, ಆಮೇಲೆ ಗಂಟೆ. ಆ ಕಟ್ಟಡದೊಳಗೆ ಹೋಗಲು ಅವಳಿಗೆ ಸಿಕ್ಕಿದ್ದ ಬಾಗಿಲು ಇದೊಂದೇ, ಅದೂ ಪಕ್ಕದ ಓಣಿಯಿಂದ, 'ರೋಗಿಗಳಿಗೆ' ಎಂದು ಬಾಣ ಹಾಕಿದ ಬಾಗಿಲು. ಮುಂದಿನ ಗಾಜಿನ ಬಾಗಿಲಿನಿಂದ ಹೋಗುವವರ ಕೊರಳಲ್ಲಿ ಗುರುತುಚೀಟಿ ಇರುತ್ತಿತ್ತು. ಹೋದ ತಿಂಗಳು ಹೊಟ್ಟೆನೋವಿನ ರೋಗಿಯಾಗಿ ಮಲಗಿದ್ದಾಗ, ಮೊದಲ ವರ್ಷ ಅವಳ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದವಳು, ಸೀಟು ಸಿಕ್ಕವಳು, ಒಳಗೆ ಬಂದು ಹೊಟ್ಟೆ ಒತ್ತಿ, "ಇಲ್ಲಿ ನೋಯುತ್ತಾ ಮೇಡಂ?" ಎಂದಿದ್ದಳು. ಇವಳು ಚೀಟಿಯಲ್ಲಿದ್ದಂತೆ "ಅಯ್ಯೋ" ಎಂದಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಗುರುತು ಹಿಡಿಯಲಿಲ್ಲ. ಆ ದಿನ ಸಂಜೆ ಮನೆಗೆ ಫೋನ್ ಮಾಡಿ, "ಇವತ್ತೆಲ್ಲಾ ಮೆಡಿಕಲ್ ಕಾಲೇಜಲ್ಲೇ ಇದ್ದೆ ಅಪ್ಪ, ಬರೀ ಹೊಟ್ಟೆನೋವಿನ ಕೇಸು" ಎಂದಳು. ಒಂದೊಂದೇ ಪದ ಬಿಡಿಸಿ ನೋಡಿದರೆ ಅದರಲ್ಲಿ ಸುಳ್ಳೇ ಇರಲಿಲ್ಲ. ಅಷ್ಟು ಜಾಣೆ ಆಗಿಬಿಟ್ಟಿದ್ದಳು.

ಕೆಳಗೆ, ಮಂಚದ ಕಾಲಿಗೆ ಒರಗಿಸಿದ ಚೀಲದಲ್ಲಿ, ಆ ಫಾರಂ ಇತ್ತು. ಅವಳ ಹಾಗೆ ಹೊರದೇಶದಿಂದ ಇಲ್ಲಿಗೆ ಓದಲು ಬಂದವರು ಮೊದಲ ವರ್ಷ ಎಲ್ಲರ ಜೊತೆ ವಿಜ್ಞಾನ ಓದಬೇಕು. ವರ್ಷದ ಕೊನೆಗೆ ಅವರಲ್ಲಿ ಮೇಲಿನ ಏಳು ಜನಕ್ಕೆ ವೈದ್ಯಕೀಯದ ಸೀಟು. ಅವಳು ಇಪ್ಪತ್ತೊಂದನೆಯವಳು. ಎಂಟನೆಯವಳಾಗಿದ್ದರೆ ಅಳಬಹುದಿತ್ತು, ಇಪ್ಪತ್ತೊಂದನೆಯವಳಿಗೆ ಆ ಹಕ್ಕೂ ಇರಲಿಲ್ಲ. ಈಗ ಉಳಿದಿದ್ದು ಎರಡು ದಾರಿ, ಫಾರಮ್ಮಿನಲ್ಲಿ ಎರಡು ಚೌಕ. ಒಂದು ಲ್ಯಾಬಿನ ದಾರಿ: ಮೂರು ವರ್ಷ, ರಕ್ತ ಮಾಂಸದ ತುಣುಕುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿ ರೋಗ ಹುಡುಕುವ ವಿದ್ಯೆ. ಆದರೆ ಅದನ್ನು ಹಿಡಿದವರು ಮತ್ತೆ ಇಲ್ಲಿ ವೈದ್ಯಕೀಯಕ್ಕೆ ಅರ್ಜಿ ಹಾಕುವಂತಿಲ್ಲ. ಇನ್ನೊಂದು ಸುತ್ತಿನ ದಾರಿ: ಮೂರು ವರ್ಷ ಸಾದಾ ಜೀವಶಾಸ್ತ್ರ, ಪದವಿ ಮುಗಿಸಿಕೊಂಡು ಮತ್ತೆ ವೈದ್ಯಕೀಯದ ಸಾಲಿನಲ್ಲಿ ನಿಲ್ಲುವುದು. ಆ ಸಾಲಿನಲ್ಲಿ ಹೊರದೇಶದವರಿಗೆ ಎಷ್ಟು ಸೀಟು ಎಂದು ಯಾರಿಗೂ ಗೊತ್ತಿಲ್ಲ. ಕಚೇರಿಯವರನ್ನು ಕೇಳಿದರೆ ಭುಜ ಕುಣಿಸುತ್ತಾರೆ. ಇವತ್ತು ನಾಲ್ಕು ಗಂಟೆಯೊಳಗೆ ಯಾವುದಾದರೊಂದು ಚೌಕಕ್ಕೆ ಗುರುತು ಹಾಕಿ ಕೊಡದಿದ್ದರೆ ಎರಡೂ ಇಲ್ಲ, ಗಂಟುಮೂಟೆ ಕಟ್ಟಬೇಕು. ಎರಡು ತಿಂಗಳಿಂದ ಆ ಚೌಕಗಳನ್ನು ನೋಡಿ ನೋಡಿ ಅವಳಿಗೆ ಅವು ಕಣ್ಣು ಮುಚ್ಚಿದರೂ ಕಾಣುತ್ತಿದ್ದವು.

ಮನೆಯಲ್ಲಿ ಯಾರಿಗೂ ಇದು ಗೊತ್ತಿಲ್ಲ. ಅಪ್ಪ ಒಬ್ಬ ಡಾಕ್ಟರ ಕ್ಲಿನಿಕ್ಕಿನಲ್ಲಿ ಮೂವತ್ತು ವರ್ಷದಿಂದ ಕಾಂಪೌಂಡರ್. ಒಳಗೆ ಡಾಕ್ಟರು, ಹೊರಗೆ ಬೆಂಚು, ನಡುವೆ ಒಂದು ಪುಟ್ಟ ಕಿಟಕಿ. ಆ ಕಿಟಕಿಯ ಹಿಂದೆ ಅಪ್ಪ. ಡಾಕ್ಟರ ಅಕ್ಷರ ಓದಬಲ್ಲವನು ಅವನೊಬ್ಬನೇ. ಬಾಟಲಿಗೆ ಔಷಧಿ ತುಂಬಿ, ಕಾಗದದ ಪಟ್ಟಿಯಲ್ಲಿ ಕತ್ತರಿಯಿಂದ ಕಚ್ಚು ಮಾಡಿ ಅಂಟಿಸಿ, "ಒಂದು ಹೊತ್ತಿಗೆ ಇಷ್ಟು, ಈ ಗೆರೆ ದಾಟಬಾರದು" ಎನ್ನುತ್ತಿದ್ದ. ಅಪ್ಪನ ಗೆರೆ ಎಂದರೆ ಗೆರೆ. ಡಾಕ್ಟರು ಊರಲ್ಲಿಲ್ಲದ ದಿನ ಓಣಿಯ ಜನ ಅವನನ್ನೇ "ಡಾಕ್ಟ್ರೇ" ಎಂದು ಕರೆದರೆ ಅವನು ನಾಚಿ, "ಛೆ ಛೆ, ನಾನು ಬರೀ ಕೊಡೋನು" ಎನ್ನುತ್ತಿದ್ದ. ನಾಚಿಕೆಯೊಳಗೆ ಇದ್ದ ಆಸೆಯನ್ನು ಮಗಳು ಏಳು ವರ್ಷದವಳಿದ್ದಾಗಲೇ ಕಂಡುಕೊಂಡಿದ್ದಳು. ಮೊದಲ ವರ್ಷದ ಫಲಿತಾಂಶ ಬಂದ ದಿನ ಅಪ್ಪ ಮದ್ದಿನ ಕಿಟಕಿ ಮುಚ್ಚಿ, ಜನರನ್ನು ಕಾಯಿಸಿ ಫೋನ್ ಮಾಡಿದ್ದ. "ಸೀಟು ಆಯ್ತೇನಮ್ಮ?" ಮೂವತ್ತು ವರ್ಷದಲ್ಲಿ ಆ ಕಿಟಕಿ ಕೆಲಸದ ಹೊತ್ತಿನಲ್ಲಿ ಮುಚ್ಚಿದ್ದಿಲ್ಲ. ಹಿಂದೆ ಯಾರೋ ಕೆಮ್ಮುವುದು ಕೇಳುತ್ತಿತ್ತು. "ಆಯ್ತಪ್ಪ" ಎಂದಳು. ಅಷ್ಟೇ. ಅಮ್ಮ ಇಲ್ಲದ ಮನೆಯಲ್ಲಿ ಅವಳನ್ನು ಎತ್ತಾಡಿಸಿ ಬೆಳೆಸಿದ ಅತ್ತೆ, ಅಪ್ಪನ ಅಕ್ಕ, ಮಾರನೆಯ ದಿನದಿಂದಲೇ 'ಡಾಕ್ಟರಮ್ಮ' ಎಂದು ಕರೆಯತೊಡಗಿದಳು. ಆಮೇಲೆ ತನ್ನ ರಕ್ತಪರೀಕ್ಷೆಯ ಕಾಗದದ ಫೋಟೋ ಕಳಿಸಿದಳು. ಇವಳು ಅಲ್ಲಿ ಇಲ್ಲಿ ಹುಡುಕಿ, ಏನೋ ಅರ್ಧ ಓದಿ, "ಎಲ್ಲಾ ಸರಿಯಾಗಿದೆ ಅತ್ತೆ, ಏನೂ ಭಯ ಇಲ್ಲ" ಎಂದು ಬರೆದಳು. ಹಾಗೆ ಬರೆಯುವಾಗ ಒಂದು ಕ್ಷಣ ತಾನು ನಿಜಕ್ಕೂ ಡಾಕ್ಟರಾದಂತೆ ಅನಿಸಿತ್ತು. ಇವತ್ತಿಗೂ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ.

ಫಾರಮ್ಮಿಗೆ ಮನೆಯವರ ಸಹಿ ಬೇಕಿತ್ತು. ಹೆಸರು ನೋಂದಾಯಿಸುವುದಕ್ಕೆ ಎಂದು ಹೇಳಿ ಅದರ ಸಹಿಯ ಹಾಳೆಯನ್ನಷ್ಟೇ ಖಾಲಿಯಾಗಿ ಕಳಿಸಿದ್ದಳು. ಅಪ್ಪ ಒಂದು ಮಾತು ಕೇಳದೆ ಸಹಿ ಮಾಡಿ ಕಳಿಸಿದ್ದ. ಆ ಸಹಿ ಅಪ್ಪನದಾಗಿರಲಿಲ್ಲ. ಅಂದರೆ ಅಪ್ಪನದೇ, ಆದರೆ ಅಕ್ಷರಗಳು ಸಣ್ಣಗಾಗಿ, ಕೊನೆಗೆ ಹೋಗುತ್ತಾ ಇನ್ನೂ ಕುಗ್ಗಿ, ಗೆರೆ ಇರುವೆ ಸಾಲಿನ ಹಾಗೆ ಕದಲಿತ್ತು. ಬಸ್ಸಿನಲ್ಲಿ ಕೂತು ಮಾಡಿರಬೇಕು, ಪೆನ್ನು ಸರಿಯಿರಲಿಲ್ಲವೇನೋ ಎಂದು ಅವಳು ಹಾಳೆ ಮಡಚಿಟ್ಟಳು. ಕೇಳಿದರೆ ಅವನು ಏನಾದರೂ ಹೇಳುತ್ತಾನೆ, ಹೇಳಿದರೆ 'ನೀನೇ ಡಾಕ್ಟರಲ್ವಾ, ನೀನೇ ಹೇಳು' ಎನ್ನುತ್ತಾನೆ. ಅದಕ್ಕೆ ಕೇಳಲೇ ಇಲ್ಲ.

ಗಂಟೆ ಹೊಡೆಯಿತು. ಹನ್ನೆರಡನೆಯವನು, ಕೊನೆಯವನು, ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದ. ಉದ್ದನೆಯ ಹುಡುಗ, ಕೋಟಿನ ತೋಳು ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೆ. ಮೂಲೆಯಲ್ಲಿ ಪರೀಕ್ಷಕಿ ಕೂತಿದ್ದಳು. ವಯಸ್ಸಾದ ಡಾಕ್ಟರು, ಕನ್ನಡಕಕ್ಕೆ ಸರಪಳಿ, ಮಡಿಲಲ್ಲಿ ಗುರುತು ಹಾಕುವ ಹಾಳೆ. ಉದ್ದನೆಯವನು ನೋವು ಎಲ್ಲಿ ಎಂದು ಕೇಳಿ ಮುಗಿಸುವ ಮೊದಲೇ ಯಾರೋ ಬಾಗಿಲು ತಟ್ಟಿ ಪರೀಕ್ಷಕಿಯನ್ನು ಹೊರಗೆ ಕರೆದರು. ಅವಳು "ನೀವು ಮುಂದುವರಿಸಿ" ಎಂದು ಕೈಸನ್ನೆ ಮಾಡಿ ಹೋದಳು. ಹನ್ನೊಂದು ಜನವೂ ಮುಂದಿನ ಪ್ರಶ್ನೆಯನ್ನು ತಮ್ಮ ಹಾಳೆ ನೋಡಿ ಕೇಳಿದ್ದರು: ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ? ಇವನು ಪೆನ್ನು ಕೆಳಗಿಟ್ಟು, ಕುರ್ಚಿ ಹತ್ತಿರ ಎಳೆದುಕೊಂಡು, ಅವಳ ಮುಖ ನೋಡಿ, "ನಿಮ್ಮ ತಂದೆ ಹೇಗಿದಾರೆ?" ಎಂದ. ಬೀದಿಯಲ್ಲಿ ಸಿಕ್ಕ ಪರಿಚಯದವರು ಕೇಳುವಂತೆ. ಚೀಟಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. 'ಚೆನ್ನಾಗಿದಾರೆ' ಎಂದಿದ್ದರೆ ಮುಗಿಯುತ್ತಿತ್ತು. ಈ ಊರಿಗೆ ಬಂದ ಮೇಲೆ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ, ಅವಳೂ ಯಾರನ್ನೂ ಕೇಳಿರಲಿಲ್ಲ.

"ಅಪ್ಪನ ಕೈ ನಡುಗುತ್ತೆ" ಎಂದಳು.

ಬಾಯಿಂದ ಬಿದ್ದುಹೋಗಿತ್ತು. ವಾಪಸ್ಸು ತೆಗೆದುಕೊಳ್ಳೋಣ ಎಂದುಕೊಳ್ಳುವಷ್ಟರಲ್ಲಿ ಅವನು ಮುಂದಕ್ಕೆ ಬಾಗಿದ್ದ. "ಯಾವಾಗ ನಡುಗುತ್ತೆ? ಲೋಟ ಎತ್ತಿದಾಗ್ಲಾ, ಇಲ್ಲಾ ಸುಮ್ನೆ ತೊಡೆ ಮೇಲೆ ಕೈ ಇಟ್ಕೊಂಡು ಕೂತಾಗ್ಲಾ?" ಗೊತ್ತಿಲ್ಲ ಎಂದಳು. "ಅಕ್ಷರ ಸಣ್ಣ ಆಗಿದೆಯಾ?" ಎಂದ. ಅವಳ ಕೆಳಗೆ ಮಂಚದ ಕಾಗದವೆಲ್ಲ ಸರಬರ ಎಂದಿತು, ತಾನು ಅಲುಗಿದ್ದು ತನಗೇ ಗೊತ್ತಾಗಿರಲಿಲ್ಲ. "ಹೌದು" ಎಂದಳು. "ಕೈ ನಡುಗೋದನ್ನ ಅವರು ಯಾರಿಗಾದ್ರೂ ಹೇಳಿದಾರಾ? ಮನೇಲಿ ಯಾರಾದ್ರೂ ಕೇಳಿದೀರಾ?" ಆ ಹೊತ್ತಿಗೆ ಪರೀಕ್ಷಕಿ ಒಳಗೆ ಬಂದು ಕೂತಳು, ಹಾಳೆ ನೋಡಿದಳು, ಹುಡುಗನನ್ನು ನೋಡಿದಳು. ಅವನು ಗಾಬರಿಯಾಗಿ ಮತ್ತೆ ಎದೆನೋವಿಗೆ ಬರಬೇಕೆಂದು "ನೋವು... ಎಡಗೈಗೆ..." ಎನ್ನುವಷ್ಟರಲ್ಲಿ ಗಂಟೆ ಹೊಡೆಯಿತು. ಎದೆನೋವಿನ ರೋಗಿಯನ್ನು ಕೇಳಲೇಬೇಕಾದ ಪ್ರಶ್ನೆಗಳಲ್ಲಿ ಅರ್ಧ ಹಾಗೇ ಉಳಿದಿದ್ದವು.

ಅವನು ಹೊರಗೆ ಹೋದ ಮೇಲೆ ಪರೀಕ್ಷಕಿ ಕನ್ನಡಕದ ಮೇಲಿನಿಂದ ನೋಡಿದಳು. "ಅದೇನದು ಕೈ ನಡುಗೋದು? ನನ್ನ ಹಾಳೇಲಿಲ್ಲ. ನೀವೇನಾದ್ರೂ ಚೀಟಿ ಬಿಟ್ಟು ಹೇಳಿದ್ರಾ, ಇಲ್ಲಾ ಅವನೇ ದಾರಿ ತಪ್ಪಿದ್ನಾ?"

ಚೀಟಿ ಬಿಟ್ಟು ಮಾತಾಡಿದವರನ್ನು ಮತ್ತೆ ಕರೆಯುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದರು. ಓಣಿಯ ಬಾಗಿಲು, ಬಾಣದ ಗುರುತು, ಸಂಜೆಯ ಫೋನು, 'ಇವತ್ತೆಲ್ಲಾ ಮೆಡಿಕಲ್ ಕಾಲೇಜಲ್ಲೇ ಇದ್ದೆ' ಎಂಬ ಮಾತು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಹಾದವು. "ಅವರೇ ಏನೇನೋ ಕೇಳಿದ್ರು" ಎಂದಳು. "ನಾನು ಚೀಟಿಯಲ್ಲಿದ್ದಷ್ಟೇ ಹೇಳಿದೆ." ಎಷ್ಟು ಸಲೀಸಾಗಿ ಬಂತು! ಪರೀಕ್ಷಕಿ ಹಾಳೆಯಲ್ಲಿ ಏನೋ ಬರೆದಳು.

ಬಟ್ಟೆ ಬದಲಿಸಿ ಹೊರಗೆ ಬಂದರೆ ನೀರಿನ ನಲ್ಲಿಯ ಪಕ್ಕ ಉದ್ದನೆಯವನು ನಿಂತಿದ್ದ. ಜಗಳಕ್ಕೇ ಕಾಯುತ್ತಿದ್ದಾನೆ ಎಂದುಕೊಂಡಳು. ಅವನು ಕಾಗದದ ಲೋಟ ಹಿಸುಕುತ್ತಾ, "ಒಂದು ಮಾತು. ನಿಮ್ಮ ತಂದೇದು ನಿಜಾನಾ?" ಎಂದ. ಅವಳು ತಲೆಯಾಡಿಸಿದಳು. "ಅಂದ್ಕೊಂಡೆ. ಚೀಟಿ ಓದೋರು ಹಾಗೆ ಹೇಳಲ್ಲ. ಹಾಗಾದ್ರೆ ಅದೊಂದು ಕೇಳ್ಬಿಡಿ, ಎತ್ತಿದಾಗ್ಲೋ ಸುಮ್ನೆ ಕೂತಾಗ್ಲೋ ಅಂತ. ಸುಮ್ನೆ ಕೂತಾಗ ಅಂದ್ರೆ ತಡ ಮಾಡ್ಬೇಡಿ, ನರದ ಡಾಕ್ಟ್ರಿಗೆ ತೋರಿಸ್ಬೇಕು." ಆಮೇಲೆ ಲೋಟ ಬುಟ್ಟಿಗೆ ಎಸೆದು, "ನಂದೇನು ಬಿಡಿ, ಇನ್ನೊಂದ್ಸಲ ಬರೀತೀನಿ. ಇದು ಎರಡನೇ ಸಲ. ಅಭ್ಯಾಸ ಆಗೋಯ್ತು" ಎಂದು ನಕ್ಕು ಹೋದ. ಬೈದಿದ್ದರೆ ವಾಸಿಯಿತ್ತು. ಎರಡು ತಿಂಗಳಿಂದ ಡಾಕ್ಟರಮ್ಮ ಎಂದು ಕರೆಸಿಕೊಂಡವಳು ತಾನು. ಅಪ್ಪನ ಕೈ ಬಗ್ಗೆ ಕೇಳಬೇಕಾದ ಒಂದೇ ಒಂದು ಪ್ರಶ್ನೆಯನ್ನು ಕೇಳಿದವನು ಇವನು. ಅದಕ್ಕೆ ತಾನು ಕೊಟ್ಟ ಉಡುಗೊರೆ ಇದು! ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು. ಮೆಟ್ಟಿಲಿನವರೆಗೆ ಹೋದಳು, ನಿಂತಳು, ಮತ್ತೆ ನಾಲ್ಕು ಮೆಟ್ಟಿಲು ಇಳಿದಳು, ಮತ್ತೆ ಹತ್ತಿದಳು. ಮೂರು ಗಂಟೆ ದಾಟಿತ್ತು.

ಪರೀಕ್ಷಕಿ ಹಾಳೆಗಳನ್ನು ಲಕೋಟೆಗೆ ಹಾಕುತ್ತಿದ್ದಳು. "ಚೀಟಿ ಬಿಟ್ಟು ಹೇಳಿದ್ದು ನಾನೇ" ಎಂದಳು ಇವಳು, ಬಾಗಿಲಲ್ಲೇ ನಿಂತು. "ಅವರ ತಪ್ಪಿಲ್ಲ. ಆಮೇಲೆ ಸುಳ್ಳು ಹೇಳಿದೆ." ಪರೀಕ್ಷಕಿ ಬೈಯಲಿಲ್ಲ. ಲಕೋಟೆಯಿಂದ ಒಂದು ಹಾಳೆ ತೆಗೆದು, ಬರೆದದ್ದನ್ನು ಹೊಡೆದು, ಪಕ್ಕದಲ್ಲಿ ಬೇರೆ ಬರೆದು, ಸಹಿ ಹಾಕಿದಳು. "ಅವನಿಗೆ ಇನ್ನೊಂದು ಅವಕಾಶ ಕೊಡ್ತೀವಿ. ನಿಮ್ಮನ್ನ ಮಾತ್ರ ಇನ್ನು ಕರೆಯೋಕಾಗಲ್ಲ, ಗೊತ್ತಲ್ಲ?" ಗೊತ್ತು ಎಂದಳು. "ನೀವು ನಮ್ಮ ಕಾಲೇಜಿನವರಾ?" "ಅಲ್ಲ" ಎಂದಳು. "ಪ್ರಯತ್ನ ಮಾಡಿದ್ದೆ. ಆಗಲಿಲ್ಲ." ಎರಡು ತಿಂಗಳಲ್ಲಿ ಮೊದಲ ಸಲ ಆ ಮಾತು ಬಾಯಿಂದ ಬಂದಿತ್ತು, ಅದೂ ಯಾರೋ ಅಪರಿಚಿತ ಮುದುಕಿಯ ಮುಂದೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಪರೀಕ್ಷಕಿ "ಸರಿ" ಎಂದು ಲಕೋಟೆಯ ಬಾಯಿ ಅಂಟಿಸಿದಳು.

ಫಾರಂ ಕೊಡಬೇಕಾದ ದಾಖಲಾತಿ ಕಚೇರಿಗೆ ಹೋಗಲು ಬೀದಿ ದಾಟಬೇಕು. ದಾಟುತ್ತಾ ಅವಳು ಎರಡು ಚೌಕಗಳನ್ನೂ ಮತ್ತೆ ತೂಗಿ ನೋಡಿದಳು. ಎರಡನೆಯ ಚೌಕಕ್ಕೆ ಗುರುತು ಹಾಕಿದರೆ ಏನೂ ಹೇಳಬೇಕಿಲ್ಲ. ಮೂರು ವರ್ಷ ಹೀಗೇ ತಳ್ಳಿಕೊಂಡು ಹೋಗಿ, ಸೀಟು ಸಿಕ್ಕರೆ ಹಳೆಯ ಸುಳ್ಳೇ ನಿಜವಾಗಿಬಿಡುತ್ತದೆ. ಎಷ್ಟು ಚೆಂದದ ಉಪಾಯ! ಆ ಚೌಕದಲ್ಲಿ ಅಪ್ಪನ ಮುಖವಿತ್ತು, ಅತ್ತೆಯ ಮುಖವಿತ್ತು, ಓಣಿಯವರೆಲ್ಲರ ಮುಖವಿತ್ತು. ಮೊದಲನೆಯದರಲ್ಲಿ ಯಾರ ಮುಖವೂ ಇರಲಿಲ್ಲ. ಹೋದ ವರ್ಷ ಒಂದು ಮಧ್ಯಾಹ್ನ ಲ್ಯಾಬಿನಲ್ಲಿ, ಸೂಕ್ಷ್ಮದರ್ಶಕದ ಕೆಳಗಿನ ನೇರಳೆ ಬಣ್ಣದ ಗಾಜಿನ ತುಣುಕಿನ ಮೇಲೆ ಕಣ್ಣಿಟ್ಟು ಕೂತವಳು ಊಟ ಮರೆತು, ಹೊತ್ತು ಮರೆತಿದ್ದಳು, ಕೊನೆಗೆ ಮೇಷ್ಟ್ರು ದೀಪ ಆರಿಸಲು ಬಂದು "ಮನೆ ಇಲ್ವೇನಮ್ಮ ನಿಂಗೆ?" ಎಂದಿದ್ದರು. ಅದೇ ವಾರ ಆಸ್ಪತ್ರೆ ತೋರಿಸಲು ಕರೆದೊಯ್ದಾಗ, ಒಬ್ಬ ಮುದುಕನ ಹಾಸಿಗೆಯ ಪಕ್ಕ ನಿಂತು ಅವಳು ಯೋಚಿಸಿದ್ದು ಬಿಳಿ ಕೋಟಿನಲ್ಲಿ ತಾನು ಹೇಗೆ ಕಾಣುತ್ತೇನೆ, ಒಂದು ಫೋಟೋ ತೆಗೆಸಿ ಅಪ್ಪನಿಗೆ ಕಳಿಸಬೇಕು ಎಂದು. ಮುದುಕನ ಮುಖ ಈಗ ಎಷ್ಟು ನೆನೆದರೂ ಬರುತ್ತಿಲ್ಲ.

ಕಚೇರಿಯ ಪಡಸಾಲೆಯಲ್ಲಿ ಕಿಟಕಿಯ ಹತ್ತಿರ ನಿಂತು ಅಪ್ಪನಿಗೆ ಫೋನ್ ಮಾಡಿದಳು. ಊರಿನಲ್ಲಿ ಆಗ ಬೆಳಿಗ್ಗೆ, ಕ್ಲಿನಿಕ್ಕು ತೆರೆಯುವ ಹೊತ್ತು.

"ಏನಮ್ಮ ಡಾಕ್ಟರಮ್ಮ, ಇಷ್ಟೊತ್ತಿಗೆ?"

"ಅಪ್ಪ, ನಿನ್ನ ಕೈ ನಡುಗುತ್ತಾ?"

"ಯಾರು ಹೇಳಿದ್ದು?"

"ಸಹಿ ನೋಡಿದೆ. ಯಾವಾಗ ನಡುಗುತ್ತೆ? ಏನಾದ್ರೂ ಎತ್ತಿದಾಗ್ಲಾ, ಸುಮ್ನೆ ಕೂತಾಗ್ಲಾ?"

ಅಪ್ಪ ನಕ್ಕ. ಹೆಮ್ಮೆಯ ನಗು, ಅವಳಿಗೆ ಅದು ಚೆನ್ನಾಗಿ ಗೊತ್ತು. "ಓಹೋ, ಕಲ್ತಿದ್ದೆಲ್ಲಾ ಮೊದ್ಲು ನನ್ನ ಮೇಲೇನಾ? ಆಗ್ಲಿ, ಕೇಳಿ ಡಾಕ್ಟ್ರೇ, ಕೇಳಿ."

"ನಾನು ಡಾಕ್ಟ್ರು ಓದ್ತಿಲ್ಲ ಅಪ್ಪ" ಎಂದಳು. ನಿಲ್ಲಿಸಿದರೆ ಮುಂದೆ ಬರುವುದಿಲ್ಲ ಎಂದು ಒಂದೇ ಉಸಿರಿಗೆ, "ಸೀಟು ಸಿಗಲಿಲ್ಲ. ಅವತ್ತು ಸುಳ್ಳು ಹೇಳಿದೆ. ಇಪ್ಪತ್ತೊಂದನೆಯವಳು ನಾನು. ಆ ಸಹಿ ಬೇಕಿದ್ದು ಬೇರೆ ಏನನ್ನಾದ್ರೂ ಸೇರೋದಕ್ಕೆ" ಎಂದಳು.

ಅಲ್ಲಿ ಬೆಂಚು ಎಳೆಯುವ ಸದ್ದು ಕೇಳಿಸಿತು. ಅಪ್ಪ ಕೂತಿರಬೇಕು. ಆಮೇಲೆ, "ನಿಮ್ಮತ್ತೆ ರಕ್ತ ಪರೀಕ್ಷೆ ಕಾಗದ ಕಳಿಸಿದ್ಲಲ್ಲ. ಎಲ್ಲಾ ಸರಿಯಾಗಿದೆ ಅಂದಿದ್ಯಲ್ಲ. ಅದು?" ಎಂದ.

"ಅದೂ..."

"ಅವಳು ಮಾತ್ರೆ ನಿಲ್ಸಿದಾಳೆ ಕಣೇ! ನಮ್ಮ ಡಾಕ್ಟ್ರು ಕೊಟ್ಟಿದ್ದು, ಬಿಡಬಾರದ ಮಾತ್ರೆ. ಡಾಕ್ಟರಮ್ಮನೇ ಹೇಳಿದಾಳೆ, ಇನ್ಯಾಕೆ ಅಂತ ನಿಲ್ಸಿದಾಳೆ. ಮೂವತ್ತು ವರ್ಷ ಈ ಕಿಟಕೀಲಿ ಕೂತು ಒಂದು ಮಾತ್ರೆ ನನ್ನ ತಲೆಯಿಂದ ಕೊಟ್ಟಿಲ್ಲ ನಾನು. ನೀನು... ಫೇಲಾದ್ರೆ ಏನಾಗ್ತಿತ್ತು? ನಾನೇನು ನಿನ್ನ ತಿಂದ್ಬಿಡ್ತಿದ್ನಾ?"

ಫೋನ್ ಕಟ್ಟಾಯಿತು. ಅವಳು ಅತ್ತೆಗೆ ಫೋನ್ ಮಾಡಿದಳು. ಆ ಕಡೆ ಯಾರ ಜೊತೆಗೋ ಮಾತು ನಡೆಯುತ್ತಿತ್ತು, ಸಿಗಲಿಲ್ಲ. ಮತ್ತೆ ಮಾಡಿದಳು, ಸಿಗಲಿಲ್ಲ. ಮಾತ್ರೆ ಮುಟ್ಟದ ಅತ್ತೆ ಅಲ್ಲಿ ನೆಮ್ಮದಿಯಾಗಿ ಓಡಾಡಿಕೊಂಡಿರುವುದು ಕಣ್ಣಿಗೆ ಕಟ್ಟಿ, ಕೈಕಾಲು ತಣ್ಣಗಾದವು. ಇದನ್ನು ಯಾವ ಚೀಟಿಯಲ್ಲೂ ಬರೆದುಕೊಟ್ಟಿರಲಿಲ್ಲ.

ಕೌಂಟರಿನಲ್ಲಿ ಮಧ್ಯವಯಸ್ಸಿನ ಗುಮಾಸ್ತ ಮೊಹರಿನ ಡಬ್ಬಿ ಮುಚ್ಚುವ ತಯಾರಿಯಲ್ಲಿದ್ದ. ನಾಲ್ಕಕ್ಕೆ ಏಳು ನಿಮಿಷ. ಫಾರಂ ತಿರುಗಿಸಿ ನೋಡಿ, "ಇದೇನು, ಎರಡಕ್ಕೂ ಗುರುತು ಹಾಕಿಲ್ಲ. ಸಹಿ ಮಾತ್ರ ಇದೆ" ಎಂದ. ಇಲ್ಲೇ ಹಾಕುತ್ತೇನೆ ಎಂದು ಅವನ ಪೆನ್ನನ್ನೇ ಈಸಿಕೊಂಡಳು. ಅಪ್ಪನಿಗೆ ಪ್ರಾಯಶ್ಚಿತ್ತವಾಗಿ ಎರಡನೆಯದನ್ನೇ ಹಿಡಿದು, ಹಟ ಮಾಡಿ ಡಾಕ್ಟರಾಗಿ ಬರಲೇ ಎಂಬ ಆಸೆ ಒಂದು ಸಲ ಎದ್ದಿತು. ಚೆನ್ನಾಗಿರುತ್ತದೆ, ಕೇಳುವವರಿಗೆ ಕಥೆಯಾಗಿಯೂ ಚೆನ್ನಾಗಿರುತ್ತದೆ. ಆದರೆ ಮತ್ತೆ ಅದೇ ಫೋಟೋ, ಅದೇ ಬಿಳಿ ಕೋಟು. ಮೊದಲನೆಯ ಚೌಕಕ್ಕೆ ಗುರುತು ಹಾಕಿದಳು.

"ಇದಾದ್ಮೇಲೆ ಇಲ್ಲಿ ಮೆಡಿಕಲ್ಲಿಗೆ ಅರ್ಜಿ ಹಾಕೋ ಹಾಗಿಲ್ಲ. ಓದಿದೀರಲ್ವಾ?"

"ಓದಿದೀನಿ."

ಗುಮಾಸ್ತ ಮೊಹರು ಒತ್ತಿದ. ಹಗುರವಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಸರಿಯಾದದ್ದನ್ನೇ ಮಾಡಿದೆನೋ, ಸುಸ್ತಾಗಿ ಸುಲಭದ್ದನ್ನು ಹಿಡಿದೆನೋ ಎಂದು ಹೊರಗಿನ ಬೆಂಚಿನ ಮೇಲೆ ಕೂತು ಯೋಚಿಸಿದಳು. ಎದ್ದು ನಾಲ್ಕು ಹೆಜ್ಜೆ ನಡೆದಳು, ಮತ್ತೆ ಬಂದು ಕೂತಳು. ಜನ ಹಾದುಹೋಗುತ್ತಿದ್ದರು. ಆಗ ಫೋನ್ ಬಂತು. ಅಪ್ಪ.

"ನಿಮ್ಮತ್ತೆ ಹತ್ರ ಮಾತಾಡಿದೆ. ಏನೂ ಆಗಿಲ್ಲ, ಗಟ್ಟಿಮುಟ್ಟಾಗಿದಾಳೆ. ಇವತ್ತು ಇಲ್ಲಿಗೇ ಬರ್ತಾಳೆ, ಡಾಕ್ಟ್ರು ನೋಡ್ತಾರೆ." ದನಿಯಲ್ಲಿ ಸಿಟ್ಟು ಇನ್ನೂ ಇತ್ತು. ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡು ಅತ್ತಳು. ಅಳು ಮುಗಿಯುವವರೆಗೂ ಅವನು ಫೋನ್ ಇಡಲಿಲ್ಲ.

"ಸುಮ್ನೆ ಕೂತಾಗ" ಎಂದ ಆಮೇಲೆ.

"ಏನಪ್ಪ?"

"ನೀನು ಕೇಳಿದ್ಯಲ್ಲ. ಸುಮ್ನೆ ಕೂತಾಗ ನಡುಗುತ್ತೆ. ಬಾಟ್ಲಿ ಎತ್ತಿದ್ರೆ ನಿಲ್ಲುತ್ತೆ. ಅದಕ್ಕೇ ಇಲ್ಲಿ ಯಾರಿಗೂ ಗೊತ್ತಾಗಿಲ್ಲ."

ಉದ್ದನೆಯವನು ಹೇಳಿದ್ದು ನೆನಪಾಯಿತು. "ಯಾವಾಗಿಂದ?"

"ನೀನು ಹೊರಟಾಗ್ಲೇ ಇತ್ತು. ಏರ್‌ಪೋರ್ಟಲ್ಲಿ ಕೈ ಜೇಬಲ್ಲೇ ಇಟ್ಕೊಂಡು ನಿಂತಿದ್ದೆ. ನೀನು ನೋಡಿದ್ರೆ ಹೋಗ್ತಿರ್ಲಿಲ್ಲ."

"ನಿಮ್ಮ ಡಾಕ್ಟ್ರಿಗೆ ಯಾಕೆ ಹೇಳಿಲ್ಲ? ಎದುರಿಗೇ ಇದಾರಲ್ಲಪ್ಪ."

"ಹೇಳಿದ್ರೆ ಕಿಟಕಿ ಬಿಡಿಸ್ತಾರೆ. ಕೈ ನಡುಗೋನ ಹತ್ರ ಮದ್ದು ಯಾರು ತಗೋತಾರೆ? ನೀನು ಅಲ್ಲಿ ಡಾಕ್ಟ್ರು ಆಗಿ ಬರೋವರ್ಗೂ ಹೇಗಾದ್ರೂ ತಳ್ಳೋಣ, ಆಮೇಲೆ ನಿನಗೇ ತೋರಿಸಿದ್ರಾಯ್ತು ಅಂದ್ಕೊಂಡಿದ್ದೆ" ಎಂದ.

"ನಾನು ಬರಲ್ಲಪ್ಪ" ಎಂದಳು. "ಆ ಥರ ಬರಲ್ಲ. ಈಗ್ಲೇ ಡಾಕ್ಟ್ರ ಹತ್ರ ಹೋಗು. ನಾನು ಫೋನಲ್ಲೇ ಇರ್ತೀನಿ."

ಕುರ್ಚಿ ಸರಿದ ಸದ್ದಾಯಿತು. ಹೆಜ್ಜೆ, ಮತ್ತೆ ಹೆಜ್ಜೆ, ಮರದ ಬಾಗಿಲಿನ ಮೇಲೆ ಬೆರಳಿನ ಗೆಣ್ಣು. ಒಳಗಿನಿಂದ ಡಾಕ್ಟರ ದನಿ, "ಏನಪ್ಪ, ಯಾರನ್ನ ಕಳಿಸ್ತಿದೀಯ?"

"ಯಾರೂ ಇಲ್ಲ ಸಾರ್" ಎಂದ ಅಪ್ಪ. "ನಾನೇ ತೋರಿಸ್ಕೊಬೇಕಿತ್ತು."